ಕಡಲಿಗೆ ಕಳೆಯದ ಸೂತಕ

ಲೋಕ ಇನ್ನೂ ಎಳೆಯದಾಗಿದ್ದಾಗಿನ ಮಾತು ಇದು, ಪುಟ್ಟಾ. ಆಗ ಕಡಲಿಗೆ ದಡದಲ್ಲಿ ನಿಲ್ಲುವ ಅಭ್ಯಾಸವೇ ಇರಲಿಲ್ಲ. ಸಲಿಗೆಯ ನೆಂಟರ ಹಾಗೆ ಸೀದಾ ಒಳಗೆ ಬಂದು, ಮನಸ್ಸಾದಾಗ ಎದ್ದು ಹೋಗುತ್ತಿತ್ತು.

ಜಪಾನಿನ ಒಂದು ಮೂಲೆಯ ದ್ವೀಪದಲ್ಲಿ, ನೀರಿನಂಚಿಗೆ ಒಂದು ಪುಟ್ಟ ಗುಡಿ. ದೊಡ್ಡ ಊರಿನವರಿಗೆ ಅದರ ಹೆಸರೂ ಗೊತ್ತಿಲ್ಲ. ಗುಡಿಯ ಮುಂದೆ ಕೆಂಪು ಕಂಬಗಳ ಬಾಗಿಲು. ಅಲ್ಲಿಯವರು ಅದಕ್ಕೆ ಟೋರಿ ಅನ್ನುತ್ತಾರೆ. ಕದವಿಲ್ಲ, ಚಿಲಕವಿಲ್ಲ. ದಿನಾ ಬೆಳಿಗ್ಗೆ ಕಡಲು ಅದನ್ನು ದಾಟಿ ಬಂದು, ಮೆಟ್ಟಿಲು ತೊಳೆದು, ದೇವರಿಗೆ ತಲೆಬಾಗಿ ಹೋಗುತ್ತಿತ್ತು. ದೇವರೆಂದರೆ ಅದಕ್ಕೆ ಅಷ್ಟು ಪ್ರೀತಿ.

ಆ ಮೆಟ್ಟಿಲ ಮೇಲೆ ಸುಜು ಎಂಬ ಪುಟ್ಟ ಹುಡುಗಿ ಕೂತಿರುತ್ತಿದ್ದಳು. ಅವಳ ತಾಯಿ ಇಸೋಯೆ ಬಂಡೆಗಳ ಮೇಲಿನ ಕಡಲಪಾಚಿ ಕಿತ್ತು ಒಣಗಿಸುವವಳು. ತಾಯಿ ಕೆಲಸ ಮುಗಿಸುವವರೆಗೆ ಸುಜುಗೆ ಕಡಲೇ ಜೊತೆ.

"ನಿನ್ನ ಮನೆ ಹೇಗಿದೆ?" ಅಂತ ಅವಳು ಒಂದು ದಿನ ಕೇಳಿದಳು.

"ಬಾ, ತೋರಿಸುತ್ತೇನೆ," ಅಂತು ಕಡಲು.

ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಆಳಕ್ಕೆ ಹೋಯಿತು. ಮೀನು ಉಸಿರಾಡುವಲ್ಲಿ ಮಗುವೂ ಉಸಿರಾಡುತ್ತದೆ ಅಂತಲೇ ಅದು ತಿಳಿದಿತ್ತು. ಪೆದ್ದು ಕಡಲು. ಅದರ ಮನಸ್ಸಿನಲ್ಲಿ ಕೆಡುಕು ಇರಲೇ ಇಲ್ಲ.

ಸಂಜೆ ಅವಳನ್ನು ಮೆಲ್ಲಗೆ ತಂದು ತಾಯಿಯ ಕಾಲ ಬಳಿ ಮಲಗಿಸಿತು. "ಅಮ್ಮಾ, ಸುಜು ನಿದ್ದೆ ಹೋಗಿದ್ದಾಳೆ. ಎಷ್ಟು ಕರೆದರೂ ಏಳುತ್ತಿಲ್ಲ. ನೀನು ಕರೆದರೆ ಏಳುತ್ತಾಳೇನೋ."

ಇಸೋಯೆ ಕರೆದಳು. ಸುಜು ಏಳಲಿಲ್ಲ. ತಾಯಿ ಎದೆ ಬಡಿದುಕೊಂಡು ಅತ್ತಾಗಲೇ ಕಡಲಿಗೆ ತಾನು ಮಾಡಿದ್ದೇನೆಂದು ತಿಳಿದದ್ದು.

ಸಾವಾದ ಮನೆಯವರು ಸೂತಕ ಕಳೆಯುವವರೆಗೆ ಆ ಕೆಂಪು ಬಾಗಿಲು ದಾಟುವ ಹಾಗಿಲ್ಲ. ಇಸೋಯೆ ದಿನಾ ಬಂದು ಹೊರಗೇ ನಿಂತು ಅಳುತ್ತಿದ್ದಳು. ಸಾವು ತನ್ನ ಮಡಿಲಲ್ಲೇ ಆದದ್ದರಿಂದ ಕಡಲಿಗೂ ಸೂತಕ. ಅದೂ ಅವಳ ಪಕ್ಕದಲ್ಲೇ ನಿಲ್ಲುತ್ತಿತ್ತು.

ಸೂತಕದ ದಿನಗಳು ಮುಗಿದವು. ಮುದುಕ ಪೂಜಾರಿ ಗೆಂಜೋ ಹೊರಗೆ ಬಂದು ಇಸೋಯೆಯ ಹೆಗಲಿಗೆ ಚಿಟಿಕೆ ಉಪ್ಪು ಚೆಲ್ಲಿದ. ಅಲ್ಲಿ ಸೂತಕ ಕಳೆಯುವುದು ಉಪ್ಪಿನಿಂದ. "ಬಾ ತಾಯಿ, ಇನ್ನು ಒಳಗೆ ಬಾ," ಅಂದ.

"ನನಗೂ ಹಾಕು ತಾತ," ಅಂತು ಕಡಲು. "ತಪ್ಪಾಯಿತು ಅಂತ ನಾನೂ ದೇವರಿಗೆ ಹೇಳಬೇಕು."

ಗೆಂಜೋ ಕೈಯಲ್ಲಿದ್ದ ಉಪ್ಪನ್ನು ನೋಡಿಕೊಂಡ. "ಹಾಕುತ್ತಿದ್ದೆ ಕಣಪ್ಪಾ. ಆದರೆ ಈ ಉಪ್ಪು ನಿನ್ನದೇ, ನಿನ್ನ ನೀರು ಕಾಯಿಸಿ ಮಾಡಿದ್ದು. ನಿನ್ನ ಸೂತಕ ತೊಳೆಯುವ ಉಪ್ಪು ನಾನೆಲ್ಲಿಂದ ತರಲಿ?"

ಇಸೋಯೆ ಕಡಲಿನ ಕಡೆ ತಿರುಗಿ, "ನೀನು ಇಲ್ಲೇ ಇರು. ನಿನ್ನ ಮಾತು ನಾನು ಹೇಳುತ್ತೇನೆ," ಅಂದಳು.

ಒಳಗೆ ಹೋಗಿ, ಕೈತಟ್ಟಿ ದೇವರನ್ನು ಕರೆದು, ಮಗಳ ಹೆಸರು ಹೇಳಿದಳು. ಕಡಲನ್ನು ಕ್ಷಮಿಸು ಅನ್ನಲು ಬಾಯಿ ತೆರೆದಳು. ಅಳು ಒತ್ತರಿಸಿ ಬಂತು, ಮಾತು ಬರಲಿಲ್ಲ. ಅವಳು ಹೊರಗೆ ಬಂದಾಗ ಕಡಲು ಕೇಳಿತು,

"ಹೇಳಿದೆಯಾ ಅಮ್ಮಾ?"

"ನಾಳೆ ಹೇಳುತ್ತೇನೆ."

ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ ಹಾಗೇ. ಹೇಳಬೇಕು ಅಂತ ಅವಳಿಗೆ ನಿಜವಾಗಿಯೂ ಇತ್ತು ಪುಟ್ಟಾ, ಆಗುತ್ತಿರಲಿಲ್ಲ ಅಷ್ಟೆ. ಹಾಗೇ ಮುದುಕಿಯಾಗಿ ಒಂದು ದಿನ ತೀರಿಕೊಂಡಳು. ಅದನ್ನು ಕಡಲಿಗೆ ತಿಳಿಸಲು ಊರಿನಲ್ಲಿ ಯಾರಿಗೂ ಮನಸ್ಸು ಬರಲಿಲ್ಲ.

ಅದಕ್ಕೇ ಇವತ್ತಿಗೂ ಅಲೆ ದಡಕ್ಕೆ ಓಡೋಡಿ ಬಂದು, "ಹೇಳಿದೆಯಾ ಅಮ್ಮಾ?" ಅಂತ ಕೇಳಿ, ಒಂದು ಗಳಿಗೆ ಕಾದು, ಯಾರೂ ಏನೂ ಅನ್ನದಿದ್ದಾಗ ಮೆಲ್ಲಗೆ ಹಿಂದಕ್ಕೆ ಹೋಗುತ್ತದೆ.