ಊರೆಲ್ಲ ಆರಾಮ

ಜ್ವರ ಬಂದ ವರ್ಷ ಊರಿನ ಬಾಗಿಲುಗಳು ಹಗಲಿನಲ್ಲೂ ಮುಚ್ಚಿರುತ್ತಿದ್ದವು.

ಊರಾಚೆ ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಇದ್ದವರು ಇಬ್ಬರೇ. ಎಂಬತ್ತು ದಾಟಿದ ಗುರು ನಿರ್ವಾಣಜ್ಜ, ನಲವತ್ತು ದಾಟಿದ ಶಿಷ್ಯ ಅಡಿವೆಪ್ಪ.

ಮುದುಕರಿಗೆ ಈ ಜ್ವರ ಕೆಟ್ಟದ್ದು ಎಂದು ಊರ ಹಿರಿಯರು ಬಂದು ಆಶ್ರಮದ ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿದ್ದರು. ಅಜ್ಜ ಅದನ್ನು ದಾಟುವ ಹಾಗಿರಲಿಲ್ಲ.

ಅಡಿವೆಪ್ಪ ದಿನಾ ಹಗ್ಗದ ಕೆಳಗೆ ನುಸುಳಿ, ಕೈಗಾಡಿ ತಳ್ಳಿಕೊಂಡು ಊರಿಗೆ ಹೋಗುತ್ತಿದ್ದ. ಮನೆಮನೆಯ ಕಟ್ಟೆಯ ಮೇಲೆ ರೊಟ್ಟಿಗಂಟು ಇಡುವುದು, ಆರು ಮಾರು ಹಿಂದೆ ಸರಿದು ನಿಂತು ಕೂಗುವುದು, ಇಷ್ಟೇ ಕೆಲಸ.

"ಜನರ ಮುಖ ಹೆಂಗ ಅದಾವು?" ಎಂದು ಒಂದು ದಿನ ಗುರು ಕೇಳಿದರು.

"ಮುಖ ಎಲ್ಲಿ ಕಾಣತಾವ್ರಿ ಅಜ್ಜಾರ? ಕಿಟಕಿಯೊಳಗ ಬರೇ ಕಣ್ಣು. ಅವೂ ನಿದ್ದಿಗೆಟ್ಟು ಕೆಂಪಾಗ್ಯಾವು. ಅವರಿಗೆ ಧೈರ್ಯ ಬೇಕ್ರಿ. ನಾಳೆ ನಾನೇ ಒಂದು ಪ್ರವಚನ ಹೇಳ್ತೀನಿ."

ಗುರು ಬೇಡ ಎನ್ನಲಿಲ್ಲ.

ಮರುದಿನ ಅಡಿವೆಪ್ಪ ಓಣಿಯ ನಡುವೆ ಗಾಡಿ ನಿಲ್ಲಿಸಿ, ಅದರ ಮೇಲೆ ಹತ್ತಿ ನಿಂತ.

"ಹೆದರಬ್ಯಾಡ್ರಿ! ಈ ದೇಹ ನೀರ ಮ್ಯಾಲಿನ ಗುಳ್ಳಿ. ಇವತ್ತ ಒಡೀತೈತೋ ನಾಳೆ ಒಡೀತೈತೋ ಯಾರಿಗೂ ಗೊತ್ತಿಲ್ಲ!"

ಕಿಟಕಿಯೊಂದರಿಂದ ಮುದುಕಿ ನಾಗವ್ವನ ದನಿ ಬಂತು.

"ಸ್ವಾಮಿ, ಹೆದರಬ್ಯಾಡ ಅಂತೀರೋ, ಹೆದರು ಅಂತೀರೋ? ಒಂದು ಹೇಳ್ರಿ."

ಎದುರು ಮನೆಯ ಪೈಲ್ವಾನ ಸಂಗನಬಸು ಅಷ್ಟರಲ್ಲಿ ಅಟ್ಟ ಹತ್ತಿ ಏಣಿಯನ್ನೂ ಮೇಲೆ ಎಳೆದುಕೊಂಡಿದ್ದ.

ಅಡಿವೆಪ್ಪ ಸಪ್ಪೆ ಮುಖ ಹಾಕಿಕೊಂಡು ಬಂದ.

"ಹೇಳೂದು ಬ್ಯಾಡ. ಹೆಂಗದೀರಿ ಅಂತ ಕೇಳಿಕೊಂಡು ಬಾ" ಎಂದರು ಗುರು.

ಎರಡು ದಿನ ಬಿಟ್ಟು ಅವನು ಮಧ್ಯಾಹ್ನದ ಊಟದ ಹೊತ್ತಿಗೆ ಗೆದ್ದವನ ಹಾಗೆ ಬಂದ.

"ಎಲ್ಲಾ ಮನಿಗೂ ಹೋಗಿ ಕೇಳಿದ್ನಿರಿ ಅಜ್ಜಾರ. ಎಲ್ಲಾರೂ 'ಆರಾಮ ಅದೀವಿ' ಅಂದ್ರು. ಊರೆಲ್ಲಾ ಆರಾಮ!"

"ಎಲ್ಲಾರೂ ಅಂದ್ರೇನು?"

"ದರ್ಜಿ ಮಾಬುಸಾಬ ಒಬ್ಬ ಏನೂ ಅನ್ನಲಿಲ್ಲ. ಬ್ಯಾನಿ ಇದ್ದಾವ ನರಳತಾನ. ನರಳಲಿಲ್ಲ. ಹಂಗಾಗಿ ಅವನ್ನೂ ಆರಾಮದಾಗ ಹಿಡದೇನಿ."

"ರೊಟ್ಟಿ ತಗೊಂಡಿದ್ನೇನು?"

"ನಿನ್ನಿದು ಕಟ್ಟಿ ಮ್ಯಾಲೇ ಇತ್ತು. ಅದರ ಮ್ಯಾಲೆ ಇವತ್ತಿಂದು ಇಟ್ಟು ಬಂದೆ."

ಗುರುವಿನ ಕೈಯಲ್ಲಿದ್ದ ತುತ್ತು ತಾಟಿಗೆ ಮರಳಿತು.

ಅವರು ಸಾರಿನ ಬಟ್ಟಲನ್ನು ಮುಂದೆ ಸರಿಸಿದರು.

"ಸಾರಿಗೆ ಇಂಗು ಇಲ್ಲ."

"ಮುಗದೈತ್ರಿ."

"ಸೋಮವಾರ ತಂದದ್ದು?"

ಅಡಿವೆಪ್ಪ ನೆಲ ನೋಡಿದ. ಗುರು ಕೈ ಚಾಚಿದರು. ಅವನು ಸೊಂಟದ ಮಡಿಕೆಯಿಂದ ಇಂಗಿನ ಗಟ್ಟಿಯನ್ನು ತೆಗೆದು ಕೊಟ್ಟ. ಕೈಯಲ್ಲಿ ಆಡಿ ಆಡಿ ಅದು ಗೋಲಿಯಷ್ಟು ನುಣ್ಣಗಾಗಿತ್ತು.

"ಈ ಜ್ವರಕ್ಕ ಮೊದಲು ಮೂಗಿನ ವಾಸನಿ ಹೋಗತೈತಂತ್ರಿ. ಅದಕ್ಕ ಆಗಾಗ ಮೂಸಿ ನೋಡ್ತೀನಿ."

"ದಿನಕ್ಕ ಎಷ್ಟು ಸಲ?"

"ಒಂದ್ ನಾಕು ಸಲ."

ಗುರು ಅವನನ್ನೇ ನೋಡಿದರು.

"ಇಪ್ಪತ್ತು ಆಗಬಹುದ್ರಿ."

"ವಾಸನಿ ಬರತೈತೇನು?"

"ಬರತೈತ್ರಿ. ಈಗೀಗ ಹೂವು ಮೂಸಿದ್ರೂ ಇಂಗಿಂದ ಬರತೈತಿ."

ಗುರು ನಗಲಿಲ್ಲ.

"ನೀ ಆರಾಮ ಅದೀಯೇನಪಾ?"

ಅಡಿವೆಪ್ಪ ಬಾಯಿ ತೆರೆದ. 'ಆರಾಮ' ಎಂಬ ಮಾತು ತುಟಿಯವರೆಗೆ ಬಂತು, ಹೊರಗೆ ಬರಲಿಲ್ಲ. ಕಣ್ಣಲ್ಲಿ ನೀರು ಬಂತು.

"ಏಳು. ಈಗಲೇ ಮಾಬುಸಾಬನ ಮನಿಗೆ ಹೋಗು. ಅವನ್ನ ಏನೂ ಕೇಳಬ್ಯಾಡ. ನೀ ಹೆಂಗದೀ ಅನ್ನೂದು ಹೇಳು."

"ಅಜ್ಜಾರ, ಕಾವಿ ಉಟ್ಟಾವ ಹೆದರ್ಯಾನ ಅಂದ್ರ ಜನಾ ಏನಂದಾರು?"

"ಅದನ್ನ ಕೇಳಿಕೊಂಡು ಬಾ."

"ಉಂಡು ಹೋಗಲೇನ್ರಿ?"

"ಅಲ್ಲೇ ಉಣ್ಣು."

ಅಡಿವೆಪ್ಪ ತನ್ನ ರೊಟ್ಟಿ ಕಟ್ಟಿಕೊಂಡು ಓಡಿದ.

ಮಾಬುಸಾಬನ ಕಟ್ಟೆಯ ಮೇಲೆ ಎರಡೂ ಗಂಟು ಹಾಗೆಯೇ ಇದ್ದವು. ಅಡಿವೆಪ್ಪ ಆರು ಮಾರು ದೂರ ನಿಂತು ಗಂಟಲು ಸರಿ ಮಾಡಿಕೊಂಡ.

"ಮಾಬುಸಾಬ, ನನಗ ಹೆದರಿಕಿ ಆಗೇತಿ."

ಒಳಗೆ ಸದ್ದಿಲ್ಲ.

"ಪ್ರವಚನ ಹೇಳಿದ್ದು ಖರೇ. ಆದ್ರ ಮೊದಲು ನನಗ ಹೆದರಿಕಿ. ದಿನಕ್ಕ ಇಪ್ಪತ್ತು ಸಲ ಇಂಗು ಮೂಸ್ತೀನಿ."

ಅಡಿವೆಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಗ ಪಕ್ಕದ ಕಿಟಕಿಯಿಂದ ನಾಗವ್ವ ಕೇಳಿದಳು.

"ಬರೇ ಇಪ್ಪತ್ತ?"

"ಯಾಕಬೇ?"

"ನಾ ಬೆಲ್ಲಾ ತಿಂದು ನೋಡ್ತೀನಿ, ಸಿಹಿ ಹತ್ತತೈತೋ ಇಲ್ಲೋ ಅಂತ. ಯುಗಾದಿಗೆ ಇಟ್ಟ ಪೆಂಟಿ ಪೂರಾ ತಿಂದು ಮುಗಿಸೇನಿ. ಸೊಸಿ ಇಲಿ ತಿಂದಾವು ಅಂತ ತಿಳದಾಳು."

"ಆ ಇಲಿ ನೀವೇನ್ರಿ ಅತ್ತಿ?" ಎಂದಳು ಒಳಗಿನಿಂದ ಸೊಸೆ.

ಎದುರಿನ ಅಟ್ಟದ ಬೆಳಕಿಂಡಿಯಲ್ಲಿ ಒಂದು ದೊಡ್ಡ ಮೀಸೆ ಕಾಣಿಸಿತು.

"ಯಾರಿಗೂ ಹೇಳಬ್ಯಾಡ್ರಿ" ಎಂದ ಪೈಲ್ವಾನ, ಇಡೀ ಓಣಿಗೆ ಕೇಳುವ ಹಾಗೆ. "ಹಿತ್ತಲದಾಗ ಎಮ್ಮಿ ಕೆಮ್ಮಿದ್ರೂ ನನಗ ನಾನೇ ಕೆಮ್ಮಿದಂಗ ಅನಸ್ತೈತಿ. ಪ್ರವಚನದ ದಿನ ಅಟ್ಟ ಹತ್ತಿದಾವ ಇನ್ನಾ ಇಳದಿಲ್ಲ."

ಯಾರೋ ಕಿಸಕ್ಕನೆ ನಕ್ಕರು. ಆ ನಗು ಇನ್ನೊಂದು ಮನೆಗೆ ದಾಟಿತು. ಎಷ್ಟೋ ದಿನಗಳಿಂದ ಆ ಓಣಿ ನಕ್ಕಿರಲಿಲ್ಲ. ಕೆಲವರಿಗೆ ನಗುತ್ತ ನಗುತ್ತಲೇ ಅಳು ಬಂತು.

ಆಗ ಮಾಬುಸಾಬನ ಬಾಗಿಲು ಒಂದು ಗೇಣು ತೆರೆಯಿತು.

"ನನಗ ಹೆದರಿಕಿ ಇಲ್ಲ" ಎಂದ ಅವನು. ದನಿ ಒಣಗಿತ್ತು. "ನಮ್ಮಣ್ಣ ಹೋದ. ಮೂರು ದಿನ ಆತು. ಅವನ ಊರಿಗೆ ಹೋಗಾಕ ಬಿಡಲಿಲ್ಲ. ಈ ಊರಾಗ ಎಷ್ಟ ಮಂದಿಗೆ ಹೆಗಲು ಕೊಟ್ಟೇನಿ ನಾನು. ನಮ್ಮಣ್ಣಗ ಒಂದು ಹಿಡಿ ಮಣ್ಣು ಹಾಕೂದು ಆಗಲಿಲ್ಲ."

ನಗು ನಿಂತಿತು.

ಅಡಿವೆಪ್ಪನ ನಾಲಿಗೆಯ ತುದಿಗೆ ನೀರ ಮೇಲಿನ ಗುಳ್ಳೆ ಬಂತು. ಅವನು ಅದನ್ನು ನುಂಗಿಕೊಂಡ. ಎದುರು ಕಟ್ಟೆಯ ಮೇಲೆ ಕೂತು ತನ್ನ ಗಂಟು ಬಿಚ್ಚಿದ. ಉಣ್ಣು ಎನ್ನಲಿಲ್ಲ, ಸಮಾಧಾನ ಮಾಡಿಕೊ ಎನ್ನಲಿಲ್ಲ. ರೊಟ್ಟಿ ಮುರಿದು ಸುಮ್ಮನೆ ಕೂತ.

"ನಿಮ್ಮಣ್ಣ ಹೆಂಗಿದ್ದ, ಮಾಬು?" ಎಂದು ನಾಗವ್ವ ಕೇಳಿದಳು.

ಮಾಬುಸಾಬ ಹೊಸ್ತಿಲ ಮೇಲೆ ಕುಸಿದು ಕೂತ.

"ಅಂವ ನನಗ ಹೊಲಿಯೂದು ಕಲಿಸಿದಾವ. ಆದ್ರ ಅವನ ಕೈ ಭಾಳ ಅವಸರದ್ದು. ಒಂದ್ ಸಲ ಮದುಮಗನ ಅಂಗಿಗೆ ಎರಡೂ ಎಡಗೈ ತೋಳು ಹಚ್ಚಿಬಿಟ್ಟ."

"ಮದುಮಗ ಏನ್ ಮಾಡಿದ?" ಎಂದಿತು ಅಟ್ಟದ ಮೀಸೆ.

"ಏನ್ ಮಾಡ್ತಾನ? ಮದುವಿ ಮುಗಿಯೂತನಾ ಒಂದ್ ಕೈ ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದ. ಮಂದಿ, ಎಂಥಾ ವಿನಯದ ಹುಡುಗ ಅಂದ್ರು."

ಮಾಬುಸಾಬ ನಕ್ಕ. ನಗು ಅರ್ಧಕ್ಕೆ ಮುರಿದು ಅಳುವಾಯಿತು. ಮೂರು ದಿನ ಬಾರದ ಅಳು. ಓಣಿಯವರು ಕಿಟಕಿ ಮುಚ್ಚಲಿಲ್ಲ. ಅವನು ಅತ್ತು ಮುಗಿಸುವವರೆಗೂ ಕಾದರು.

ಆಮೇಲೆ ಅವನು ಕಟ್ಟೆಯ ಮೇಲಿನ ಗಂಟಿಗೆ ಕೈ ಹಾಕಿದ. ಎರಡು ತುತ್ತು ಉಂಡು ಅಡಿವೆಪ್ಪನ ಕಡೆ ನೋಡಿದ.

"ಸ್ವಾಮಿ, ನಿಮ್ಮ ಜೋಳಿಗಿ ಹರದೈತಿ. ಕಟ್ಟಿ ಮ್ಯಾಲಿಟ್ಟು ದೂರ ಸರೀರಿ. ಹೊಲದು ಕೊಡ್ತೀನಿ."

ಅಡಿವೆಪ್ಪ ಹಿಂತಿರುಗಿದಾಗ ಗುರು ಹಗ್ಗದ ಹತ್ತಿರವೇ ಕೂತಿದ್ದರು.

"ಹೆಂಗದಾರ ಜನ?"

"ಒಬ್ಬರೂ ಆರಾಮ ಇಲ್ಲರಿ ಅಜ್ಜಾರ."

"ಮಾಬುಸಾಬ?"

"ಅತ್ತ. ಉಂಡ."

ಗುರುವಿನ ಮುಖ ಅರಳಿತು. "ಚಲೋ ಆತು."

ಅಂದಿನಿಂದ ಆ ಓಣಿಯಲ್ಲಿ ದಿನಾ ಮಧ್ಯಾಹ್ನ ಕಿಟಕಿಗಳು ತೆರೆದುಕೊಂಡವು. ಒಬ್ಬೊಬ್ಬರೇ ತಮ್ಮ ತಮ್ಮ ಹೆದರಿಕೆಯನ್ನು ಹೇಳಿಕೊಂಡರು. ಯಾರದು ದೊಡ್ಡದು ಎಂದು ಜಗಳವೂ ಆಯಿತು. ಬೇರೆ ಓಣಿಗಳೂ ಇದನ್ನು ಕಲಿತವು. ಜ್ವರ ಇನ್ನೂ ನಾಲ್ಕು ಮಂದಿಯನ್ನು ಒಯ್ದಿತು. ಆ ನಾಲ್ಕು ಮನೆಯವರು ಒಬ್ಬರೇ ಕೂತು ಅಳಲಿಲ್ಲ. ಪೈಲ್ವಾನ ಅಟ್ಟದಿಂದ ಇಳಿದ.

ಮಳೆಗಾಲ ಕಳೆದು ಜ್ವರ ಹೋಯಿತು. ಹಿರಿಯರು ಬಂದು ಹಗ್ಗ ಬಿಚ್ಚಿ, ಕೈಮುಗಿದು ಹೋದರು.

ಸಂಜೆ ಗುರು ಶಿಷ್ಯರಿಬ್ಬರೂ ಹೊಳೆಯ ಮೆಟ್ಟಿಲ ಮೇಲೆ ಕೂತರು. ಅಡಿವೆಪ್ಪನ ಮನಸ್ಸು ತುಂಬಿ ಬಂದಿತ್ತು.

"ಪೈಲ್ವಾನ ಹೆದರಿದ. ಹಿರಿಯರು ಹೆದರಿದ್ರು. ನಾನಂತೂ ಬಿಡ್ರಿ. ಇಷ್ಟು ದೊಡ್ಡ ಊರಾಗ ಹೆದರದಾವರು ನೀವೊಬ್ಬರ ನೋಡ್ರಿ, ಅಜ್ಜಾರ."

ಗುರು ಹರಿಯುವ ನೀರನ್ನು ನೋಡುತ್ತ ಹೇಳಿದರು.

"ನನ್ನ ಯಾರು ಕೇಳಿದ್ರಪಾ?"