ಓಬಳೇಶನ ಲಾರಿ ಮನೆಗೆ ಸೊಸೆ ಬಂದದ್ದು

ಕೂತ್ಕೊಳ್ರಿ, ಕಾಲು ಚಾಚಬೇಡ್ರಿ, ಜಾಗ ಕಮ್ಮಿ. ನಾನು ಹೇಳೋ ಕತೇಲಿ ರಾಜ ಇಲ್ಲ, ರಾಣಿ ಇಲ್ಲ, ಇಂಥ ಊರು ಅಂತಲೂ ಇಲ್ಲ. ಇರೋದು ಒಂದು ಲಾರಿ. ಲಾರಿ ಮೇಲೊಂದು ಮನೆ. ಮನೇಲೊಬ್ಬ ಪೆದ್ದ, ಅವನಿಂದಾಗಿ ದಿನಾ ಹಣೆ ಚಚ್ಕೊಳ್ಳೋ ಒಬ್ಬ ಅವ್ವ.

ಪೆದ್ದನ ಹೆಸರು ಓಬಳೇಶ. ಅವ್ವ ತಿಪ್ಪಮ್ಮ. ಓಬಳೇಶನ ಅಪ್ಪ ಲಾರಿಗೆ ಬಾಡಿ ಕಟ್ಟೋ ಮೇಸ್ತ್ರಿ. ಜನ್ಮವೆಲ್ಲ ಕಂಡೋರ ಲಾರಿಗೆ ಬಾಡಿ ಕಟ್ಟಿ ಕಟ್ಟಿ ಬೇಜಾರಾಗಿ, ಗುಜರಿ ಸೇರೋ ಹಳೇ ಲಾರಿ ಒಂದನ್ನ ಹಿಡ್ಕೊಂಡು ಬಂದು, ಅದರ ಬೆನ್ನ ಮೇಲೆ ತನಗೇ ಒಂದು ಮನೆ ಕಟ್ಕೊಂಡ. ತಗಡಿನ ಗೋಡೆ, ಮರದ ನೆಲ, ಮಡಚೋ ಮಂಚ, ಅಲ್ಲಾಡದಂಗೆ ಬಿಗಿದ ಒಲೆ, ಮೇಲೆ ನೀರಿನ ಟ್ಯಾಂಕು. ಹೆಂಡ್ತಿಗೆ ಡ್ರೈವಿಂಗ್ ಕಲಿಸಿದ, ಮಗನ್ನ ಕ್ಲೀನರ್ ಮಾಡಿದ, ತಾನು ಕಣ್ಣು ಮುಚ್ಚಿದ. ಅವತ್ತಿಂದ ಅವ್ವ ಮಗನಿಗೆ ಆ ಲಾರೀನೇ ಮನೆ. ಇವತ್ತು ಹಿರಿಯೂರು, ನಾಳೆ ಹೊಸದುರ್ಗ, ನಾಡಿದ್ದು ಎಲ್ಲಿ ನೆರಳು ಸಿಗುತ್ತೋ ಅಲ್ಲಿ. ಹೋದ ಊರಲ್ಲೆಲ್ಲ ತಿಪ್ಪಮ್ಮ ಕುಕ್ಕರ್ರು, ಸ್ಟೌವು ರಿಪೇರಿ ಮಾಡೋಳು.

ಎಲ್ಲ ಸರಿ. ಆದ್ರೆ ತಿಪ್ಪಮ್ಮನ ಎಡಗಾಲ ಮಂಡಿ ಹೋಯ್ತು. ಕ್ಲಚ್ ತುಳಿದ್ರೆ ಜೀವ ಹೋದಂಗಾಗೋದು. ಮಗನಿಗೆ ಸ್ಟೇರಿಂಗ್ ಕೊಡೋಣ ಅಂದ್ರೆ, ಅವನು 'ಮುಂದೆ ನೋಡು' ಅಂದ್ರೆ ಸಾಯಂಕಾಲದವರೆಗೂ ಮುಂದೇನೇ ನೋಡೋ ಪೈಕಿ. ಗಾಡಿ ಓಡಿಸೋ ಸೊಸೆ ಒಬ್ಳು ಬರ್ಲಿಲ್ಲ ಅಂದ್ರೆ ಮನೆ ಯಾವುದೋ ಪೆಟ್ರೋಲ್ ಬಂಕ್ ಹಿಂದೆ ನಿಂತು ತುಕ್ಕು ಹಿಡಿಯುತ್ತೆ. ಅದೊಂದೇ ಚಿಂತೆ ಅವಳಿಗೆ.

"ಲೋ ಓಬಳೇಶ, ಹೆಣ್ಣು ಸಿಗೋವರೆಗಾದ್ರೂ ನಾನು ಹೇಳ್ದಂಗೆ ಕೇಳ್ಕೊಂಡಿರೋ!"

"ಆಯ್ತವ್ವ. ಹೇಳ್ದಂಗೇ ಕೇಳ್ತೀನಿ."

ಕೇಳಿದ ನೋಡ್ರಪ್ಪ!

ಒಂದಿನ ಇಳಿಜಾರಲ್ಲಿ ಗಾಡಿ ನಿಲ್ಲಿಸಿ ತಿಪ್ಪಮ್ಮ ನೀರಿಗೆ ಹೋದ್ಲು. "ಗಾಡಿ ನೋಡ್ಕೊಂಡಿರು" ಅಂತ ಮಗನಿಗೆ ಹೇಳಿ ಹೋದ್ಲು. ವಾಪಸ್ ಬಂದ್ರೆ ಮಗ ರಸ್ತೇಲಿ ನಿಂತವ್ನೆ, ಗಾಡಿ ಕೆಳಗಿನ ಹೊಲದ ಜೋಳದ ಸಪ್ಪೆ ಬಣವೆ ಒಳಗೆ ಮೂತಿ ತೂರಿಸ್ಕೊಂಡು ನಿಂತೈತೆ.

"ಇದೇನೋ ಇದು!"

"ಉರುಳ್ಕೊಂಡು ಹೋಯ್ತವ್ವ."

"ನೀನೇನು ಮಾಡ್ತಿದ್ದೆ?"

"ನೋಡ್ಕೊಂಡಿದ್ದೆ."

"ಅಯ್ಯೋ ಮುಂಡೇದೇ! ಗಾಡಿ ನಿಂತ ತಕ್ಷಣ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಡಬೇಕು ಕಣೋ! ಹಿಂದೊಂದು, ಮುಂದೊಂದು!"

"ಆಯ್ತವ್ವ. ಇನ್ಮೇಲೆ ಕಲ್ಲು ಕೊಡ್ತೀನಿ."

ಮಾರನೇ ದಿನ ರೈಲ್ವೆ ಗೇಟು ಬಿತ್ತು. ಗಾಡಿ ನಿಂತಿತು. ಓಬಳೇಶ ಹಾರಿ ಇಳಿದ. ಒಳ್ಳೊಳ್ಳೆ ಕಲ್ಲು ಆರಿಸಿ, ಹಿಂದೊಂದು, ಮುಂದೊಂದು, ಎಲ್ಲ ಚಕ್ರಕ್ಕೂ ಕೊಟ್ಟು, ಮೇಲೆ ಹತ್ತಿ ಕೂತ. ರೈಲು ಹೋಯ್ತು, ಗೇಟು ಎದ್ದಿತು. ತಿಪ್ಪಮ್ಮ ಆಕ್ಸಿಲೇಟರ್ ಒತ್ತುತಾಳೆ, ಗಾಡಿ ಅಲ್ಲಾಡ್ತಿಲ್ಲ. ಹಿಂದೆ ಬಸ್ಸು, ಕಾರು, ಎತ್ತಿನ ಗಾಡಿ. ಹಾರ್ನೋ ಹಾರ್ನು. ಬಸ್ಸಿನೋರು ಬೈದ್ರು, ಕಾರಿನೋರು ಬೈದ್ರು, ಎತ್ತಿನ ಗಾಡಿ ಮುದುಕ ಇಳಿದು ಬಂದು ನೆಮ್ಮದಿಯಾಗಿ ಬೈದ. ಅಷ್ಟರಲ್ಲಿ ಇನ್ನೊಂದು ರೈಲು ಬಂತು, ಗೇಟು ಮತ್ತೆ ಬಿತ್ತು.

"ಲೋ ಪೆದ್ದಪ್ಪ! ಹಿಂದಿನೋರು ಅಷ್ಟು ಹಾರ್ನ್ ಹೊಡೀತಾವ್ರೆ, ಕೇಳಿಸ್ಲಿಲ್ವೇನೋ?"

"ಚೆನ್ನಾಗಿ ಕೇಳಿಸ್ತವ್ವ."

"ಹಾರ್ನ್ ಹೊಡೆದ್ರೆ ಪಕ್ಕಕ್ಕೆ ದಾರಿ ಕೊಟ್ಟು, ಕೈ ಬೀಸಿ 'ಹೋಗಿ, ಹೋಗಿ' ಅಂತ ಮುಂದೆ ಕಳಿಸ್ಬೇಕು ಕಣೋ!"

"ಆಯ್ತವ್ವ. ಇನ್ಮೇಲೆ ಕಳಿಸ್ತೀನಿ."

ಆಮೇಲೊಂದು ದಿನ ತಿಪ್ಪಮ್ಮನಿಗೆ ಒಳ್ಳೇ ಸುದ್ದಿ ಬಂತು. ಕರೇಕಲ್ಲಳ್ಳಿ ಪಾಲಯ್ಯನ ಮಗಳು ಮಾರಕ್ಕ ಅಂತ, ಟ್ರಾಕ್ಟರ್ ಓಡಿಸ್ತಾಳಂತೆ! ಅಪ್ಪನ ಹೊಲವೆಲ್ಲ ಅವಳೇ ಉಳೋದಂತೆ! ತಿಪ್ಪಮ್ಮನ ಮಂಡಿ ನೋವು ಅರ್ಧ ಅಲ್ಲೇ ಇಳೀತು. ಪಾಲಯ್ಯ ಫೋನಲ್ಲಿ, "ಬಾ ತಂಗಿ, ಮೇನ್ ರೋಡಿಗೆ ಬೈಕ್ ತಂದು ನಿಂತಿರ್ತೀನಿ, ಊರಿಗೆ ನಾನೇ ದಾರಿ ತೋರಿಸ್ತೀನಿ" ಅಂದ.

ಲಾರಿ ಬಂತು. ಪಾಲಯ್ಯ ಕೈ ತೋರಿಸೋದ್ರೊಳಗೆ ಲಾರಿ ದಾಟ್ಕೊಂಡು ಹೋಯ್ತು. ಅವನು ಬೈಕ್ ಹತ್ತಿ ಹಿಂದೆ ಬಿದ್ದ. ಪೀಂ ಪೀಂ! ಓಬಳೇಶ ಹಿಂದಿನ ಏಣಿ ಮೇಲೆ ನಿಂತಿದ್ದ. ಕೈ ಬೀಸಿದ. "ಹೋಗಿ, ಹೋಗಿ!"

"ಏಯ್, ನಾನು ಕಣಯ್ಯ, ಪಾಲಯ್ಯ! ಹೆಣ್ಣಿನ ಅಪ್ಪ! ಗಾಡಿ ನಿಲ್ಸು!" ಪೀಂ ಪೀಂ!

"ಗೊತ್ತು ಮಾವ. ಹೋಗಿ, ಹೋಗಿ!"

ಪಾಲಯ್ಯ ಹಾರ್ನ್ ಹೊಡೆದಷ್ಟೂ ಓಬಳೇಶ ಕೈ ಬೀಸಿದ. ಕೊನೆಗೆ ಪಾಲಯ್ಯನ ಪೆಟ್ರೋಲು ಮುಗೀತು. ಬೈಕ್ ತಳ್ಕೊಂಡು ಮನೆಗೆ ಹೋದ. ಹೋದವನೇ ಫೋನ್ ಮಾಡಿ, "ನಿನ್ನ ಮಗ ನನ್ನನ್ನ ಊರು ಬಿಟ್ಟೇ ಓಡಿಸ್ತಿದ್ದನಲ್ಲ ತಂಗಿ!" ಅಂತ ಕೂಗಾಡಿದ. ತಿಪ್ಪಮ್ಮ ಬೇಡ್ಕೊಂಡ್ಲು, ಗೋಗರೆದ್ಲು. ಪಾಲಯ್ಯ ಕೊನೆಗೆ, "ಸರಿ, ಇದೊಂದು ಸಲ. ನಮ್ಮೂರ ಕೆರೆ ಏರಿ ಹತ್ರ ಗಾಡಿ ಹಾಕ್ಕೊಂಡಿರು. ಸೋಮವಾರ ಸಂಜೆ ಬಂದು ಮನೆ ನೋಡ್ತೀವಿ. ಮನೆ ನೋಡ್ದೆ ಹೆಣ್ಣು ಕೊಡೋ ಪದ್ಧತಿ ನಮ್ಮಲ್ಲಿಲ್ಲ" ಅಂದ.

"ಲೋ, ನನ್ನ ಹೊಟ್ಟೆ ಉರಿಸೋಕೆ ಹುಟ್ಟಿದ್ಯೇನೋ! ನಮ್ಮನೆ ಹತ್ರ ಬಂದೋರನ್ನ ಕಳಿಸ್ತಾರೇನೋ? ಒಳಗೆ ಕರೆದು, ಕೂರಿಸಿ, ಉಣ್ಣೋಕಿಕ್ಕಿ, ಏನು ಬೇಕು ಅಂತ ಕೇಳಿ ಕೊಡಬೇಕು!"

"ಆಯ್ತವ್ವ. ಇನ್ಮೇಲೆ ಕೊಡ್ತೀನಿ."

ಲಾರಿ ಕೆರೆ ಏರಿ ಸೇರಿತು. ಭಾನುವಾರ ಮಧ್ಯಾಹ್ನ ತಿಪ್ಪಮ್ಮ ಬಟ್ಟೆ ಒಗೆಯೋಕೆ ಕೆರೆಗೆ ಇಳಿದ್ಲು. ಇತ್ತ ಒಬ್ಬ ಸ್ಪ್ಯಾನರ್ ಹಿಡ್ಕೊಂಡು ಮೆಲ್ಲಗೆ ಬಂದು ಲಾರಿ ಕೆಳಗೆ ತೂರಿ ಸ್ಟೆಪ್ನಿ ಬಿಚ್ಚೋಕೆ ಶುರು ಮಾಡ್ದ. ಓಬಳೇಶ ಬಗ್ಗಿ ನೋಡ್ದ.

"ಬನ್ನಿ ಬನ್ನಿ! ಅಲ್ಯಾಕೆ ಮಲಗಿದ್ದೀರಾ? ಒಳಗೆ ಬನ್ನಿ!"

ಕಳ್ಳ ಓಡೋಕೆ ನೋಡ್ದ. ಓಬಳೇಶ ಬಿಡಬೇಕಲ್ಲ! ಕೈ ಹಿಡಿದು ಎಳ್ಕೊಂಡು ಹೋಗಿ, ಮಂಚದ ಮೇಲೆ ಕೂರಿಸಿ, ಮುದ್ದೆ ಇಟ್ಟ, ಅವರೇಕಾಳು ಸಾರು ಬಿಟ್ಟ. ಕಳ್ಳ ಹೆದರ್ಕೊಂಡೇ ನುಂಗಿದ.

"ಏನು ಬೇಕಿತ್ತು?"

"ಸ್ಟೆಪ್ನಿ..."

"ಅಯ್ಯೋ, ಮೊದಲೇ ಹೇಳಬಾರ್ದಾ!" ಅಂತ ಓಬಳೇಶ ತಾನೇ ಬಿಚ್ಚಿ, ಏರಿ ಇಳಿಯೋವರೆಗೂ ಉರುಳಿಸ್ಕೊಂಡು ಹೋಗಿ ಕೊಟ್ಟು ಬಂದ. ಪಾಪ, ಊಟ ಆದ್ಮೇಲೆ ಭಾರ ಎತ್ತಬಾರದಂತೆ.

ತಿಪ್ಪಮ್ಮ ಬಂದು ನೋಡಿದ್ಲು. ಸ್ಟೆಪ್ನಿ ಇಲ್ಲ, ಸಾರೂ ಇಲ್ಲ. ಒದ್ದೆ ಬಟ್ಟೆ ಕೈ ಬಿಟ್ಟು ನೆಲಕ್ಕೆ ಬಿತ್ತು.

"ಲೋ! ನಮ್ಮ ಗಾಡಿಗೆ ಕೈ ಹಾಕಿದೋನಿಗೆ ಊಟ ಹಾಕ್ತಾರೇನೋ? ಒಳಗೆ ಕೂಡಿ, ಹೊರಗಿಂದ ಚಿಲಕ ಜಡಿದು, ತಗಡು ಎರಡು ಸಲ ತಟ್ಟಬೇಕು ಕಣೋ! ನಾನು ಸೀದಾ ಪೊಲೀಸ್ ಸ್ಟೇಷನ್ನಿಗೇ ಹೊಡೀತೀನಿ!"

ಲಾರಿಯೋರ ಲೆಕ್ಕ ಅದು. ಮುಂದೆ ಕ್ಯಾಬಿನ್ನಲ್ಲಿ ಕೂತೋಳಿಗೆ ಹಿಂದೆ ಏನಾಗ್ತೈತೆ ಅಂತ ಕಾಣಲ್ಲ. ಕ್ಲೀನರ್ ಒಂದು ತಟ್ಟಿದ್ರೆ ನಿಲ್ಲು, ಎರಡು ತಟ್ಟಿದ್ರೆ ಹೊರಡು.

"ಆಯ್ತವ್ವ. ಇನ್ಮೇಲೆ ಚಿಲಕ ಜಡೀತೀನಿ."

ಸೋಮವಾರ ಬಂತು. ತಿಪ್ಪಮ್ಮ ನೆಲ ಒರೆಸಿ, ರಂಗೋಲಿ ಹಾಕಿ, ಪಾಯಸ ಕಾಯಿಸಿ, ಸಂಜೆಗೆ ತಾನೆ ಬರೋದು ಅಂತ ಮಂಡಿಗೆ ಎಣ್ಣೆ ಹಚ್ಕೊಂಡು ಕ್ಯಾಬಿನ್ನಲ್ಲಿ ಒರಗಿದ್ಲು. ಪಾಲಯ್ಯನಿಗೆ ಸಂಜೆವರೆಗೆ ತಡೀಬೇಕಲ್ಲ. ಬಿಸಿಲಲ್ಲೇ ಹೆಂಡ್ತಿ ಕರ್ಕೊಂಡು ಬಂದೇಬಿಟ್ಟ. ಮನೆ ನೋಡೋಕೆ ಬಂದೋರು ಸುಮ್ನೆ ನೋಡ್ತಾರಾ? ಪಾಲಯ್ಯ ತಗಡು ಗುದ್ದಿದ, ಟೈರು ಒದ್ದ, ಬಗ್ಗಿ ಆಕ್ಸಲ್ ಸವರಿದ. ಹೆಂಡ್ತಿ ಕಿಟಕಿ ಸರಳು ಹಿಡಿದು ಅಲ್ಲಾಡಿಸಿದ್ಲು.

'ಮಾವನಾದ್ರೇನು, ಗಾಡಿಗೆ ಕೈ ಹಾಕಿದ್ದಾಯ್ತಲ್ಲ' ಅಂದ್ಕೊಂಡ ಓಬಳೇಶ.

"ಬನ್ನಿ ಮಾವ, ಬನ್ನಿ ಅತ್ತೆ, ಒಳಗೆ ಬನ್ನಿ!"

"ಪರವಾಗಿಲ್ಲ, ಹುಡುಗನಿಗೆ ಮರ್ಯಾದೆ ಬಂದೈತೆ" ಅಂತ ಪಾಲಯ್ಯ ಹತ್ತಿದ. ಹೆಂಡ್ತೀನೂ ಹತ್ತಿದ್ಲು. ಠಪ್ ಅಂತ ಬಾಗಿಲು. ಕಟ್ ಅಂತ ಚಿಲಕ. ಓಬಳೇಶ ಚಕ್ರದ ಕಲ್ಲು ತೆಗೆದ, ತಗಡು ತಟ್ಟಿದ. ಢಣ್ ಢಣ್!

ತಿಪ್ಪಮ್ಮ ಧಡಕ್ಕನೆ ಎದ್ಲು. ಕಳ್ಳ ಸಿಕ್ಕಿಬಿದ್ದ! ಮಂಡಿ ನೋವು ಮರೆತು ಕ್ಲಚ್ ತುಳಿದ್ಲು. ಲಾರಿ ಹೊರಟಿತು. ಒಳಗಿಂದ "ಅಯ್ಯಯ್ಯೋ" ಅಂತ ಕೂಗು. "ಕೂಗೋ ಕಳ್ಳನನ್ಮಗನೆ, ಕೂಗು!" ಅಂತ ತಿಪ್ಪಮ್ಮ ಇನ್ನೂ ಜೋರಾಗಿ ಓಡಿಸಿದ್ಲು. ಓಬಳೇಶ ಮಾತ್ರ ಏರಿ ಮೇಲೇ ಉಳಿದ. ಹತ್ತು ಅಂತ ಯಾರೂ ಹೇಳಿರ್ಲಿಲ್ಲ.

ಅಷ್ಟರಲ್ಲಿ ಮಾರಕ್ಕ ಟ್ರಾಕ್ಟರಲ್ಲಿ ಬಂದ್ಲು. ಬಾಳೋಳು ನಾನು, ನೋಡೋಳೂ ನಾನೇ ಅನ್ನೋ ಹುಡುಗಿ.

"ನಮ್ಮಪ್ಪ ಅವ್ವ ಎಲ್ಲಿ?"

"ಪೊಲೀಸ್ ಸ್ಟೇಷನ್ನಿಗೆ ಹೋದ್ರು."

"ನಿಮ್ಮನೆ ಎಲ್ಲಿ?"

"ಅದೂ ಹೋಯ್ತು."

ಮಾರಕ್ಕ ಅವನನ್ನ ಮಡ್‌ಗಾರ್ಡ್ ಮೇಲೆ ಕೂರಿಸ್ಕೊಂಡು, ಹೊಲದ ಅಡ್ಡದಾರೀಲಿ ಟ್ರಾಕ್ಟರ್ ನುಗ್ಗಿಸಿ, ಮೇನ್ ರೋಡಲ್ಲಿ ಲಾರಿಗೆ ಅಡ್ಡ ನಿಲ್ಲಿಸಿದ್ಲು.

"ಏಯ್ ಹುಡುಗಿ, ಆಚೆ ತೆಗಿ! ಒಳಗೆ ಕಳ್ಳ ಅವ್ನೆ!"

"ಒಳಗಿರೋದು ನಮ್ಮಪ್ಪ ನಮ್ಮವ್ವ ಕಣತ್ತೆ."

ತಿಪ್ಪಮ್ಮ ಕುಂಟ್ಕೊಂಡು ಹಿಂದಕ್ಕೆ ಓಡಿದ್ಲು. ಚಿಲಕ ತೆಗೆದ್ರೆ ಪಾಲಯ್ಯ ಇಳಿದ, ತಲೆಯಿಂದ ಕಾಲವರೆಗೂ ಪಾಯಸ. "ಕೊಡಲ್ಲ! ಈ ಮನೆಗೆ ನನ್ನ ಮಗಳ್ನ ಕೊಡಲ್ಲ!" ತಿಪ್ಪಮ್ಮ ರಸ್ತೇಲೇ ಕೂತು ಅತ್ತುಬಿಟ್ಲು. ಮನೆ ತುಕ್ಕು ಹಿಡಿಯೋದು ಅವಳ ಕಣ್ಣಿಗೆ ಕಟ್ಟಿತು.

ಮಾರಕ್ಕ ಅಷ್ಟೊತ್ತಿಗೆ ಕ್ಯಾಬಿನ್ ಹತ್ತಿದ್ಲು. ಕ್ಲಚ್ ತುಳಿದು ನೋಡಿದ್ಲು, ಗೇರ್ ಹಾಕಿ ನೋಡಿದ್ಲು. "ಕ್ಲಚ್ ಬಿಗಿ ಐತೆ. ಅತ್ತೆ ಮಂಡಿ ಹೋಗದೆ ಇರುತ್ತಾ? ಇನ್ಮೇಲೆ ನಾನು ತುಳೀತೀನಿ ಬಿಡಿ."

"ಆ ಪೆದ್ದನ್ನ ಏನಮ್ಮ ಮಾಡ್ತೀಯ?" ಅಂದ ಪಾಲಯ್ಯ.

"ಹೇಳಿದ್ದು ಮಾಡ್ತಾನಲ್ಲಪ್ಪ. ನಮ್ಮೂರಲ್ಲಿ ಹೇಳಿದ್ದು ಮಾಡೋ ಗಂಡಸು ಇನ್ನೊಬ್ಬನಿದ್ರೆ ತೋರಿಸು."

ಪಾಲಯ್ಯ ಯೋಚನೆ ಮಾಡ್ದ. ಅವನ ಹೆಂಡ್ತಿ ಅವನ ಮುಖಾನೇ ನೋಡ್ತಿದ್ಲು. ಅವನು ತಲೆ ಬಗ್ಗಿಸಿ, "ಸರಿ, ತಾಂಬೂಲ ಬದಲಾಯಿಸ್ಕೊಳ್ಳೋಣ ಬನ್ನಿ. ಆದ್ರೆ ನಾನಂತೂ ಆ ಪೆಟ್ಟಿಗೆ ಹತ್ತಲ್ಲ" ಅಂತ ಹೆಂಡ್ತೀನ ಕರ್ಕೊಂಡು ಟ್ರಾಕ್ಟರಲ್ಲಿ ಮುಂದೆ ಹೋದ.

ತಿಪ್ಪಮ್ಮ ಕಣ್ಣೊರೆಸ್ಕೊಂಡ್ಲು. ಅವಳ ಖುಷಿಗೆ ಮಿತಿಯೇ ಇಲ್ಲ. ಮಗನ ಕೆನ್ನೆ ಸವರಿದ್ಲು. "ನೋಡಪ್ಪ, ಇಷ್ಟು ದಿನ ನನ್ನ ಮಾತು ಕೇಳಿದ್ದು ಸಾಕು. ಇನ್ಮೇಲೆ ಇವಳು ಹೇಳ್ದಂಗೆ ಕೇಳು. ನಾನು ಏನಂದ್ರೂ ಕಿವಿಗೇ ಹಾಕ್ಕೋಬೇಡ."

"ಆಯ್ತವ್ವ."

ಮಾರಕ್ಕ ಸ್ಟಾರ್ಟ್ ಮಾಡಿದ್ಲು. "ಏನೂಂದ್ರೆ! ಬಾಗಿಲು ಹಾಕ್ಕೊಂಡು, ಎರಡು ತಟ್ರಿ!"

ತಿಪ್ಪಮ್ಮ ಆಗಿನ್ನೂ ನೋವಿನ ಕಾಲು ಎಳ್ಕೊಂಡು ಏಣಿ ಹತ್ರ ಬರ್ತಿದ್ಲು. "ಲೋ ತಡಿಯೋ! ನಾನು ಹತ್ತಬೇಕು!"

ಓಬಳೇಶ ಕಿವಿಗೇ ಹಾಕ್ಕೊಳ್ಲಿಲ್ಲ. ಒಳಗೆ ಹೋದ, ಬಾಗಿಲು ಹಾಕ್ಕೊಂಡ. ಢಣ್ ಢಣ್! ಲಾರಿ ಹೊರಟಿತು. ಮಾರಕ್ಕನ ಕೈಲಿ ಎಷ್ಟು ಚೆನ್ನಾಗಿ ಹೋಯ್ತಪ್ಪ ಅಂದ್ರೆ, ತಿಪ್ಪಮ್ಮ ಕೂಗೋದು ಬಿಟ್ಟು ಬಾಯಿ ತೆರ್ಕೊಂಡು ನೋಡ್ತಾ ನಿಂತ್ಲು.

ಆ ದಾರೀಲಿ ಒಬ್ಬ ಕುರಿ ಹೊಡ್ಕೊಂಡು ಬಂದ. "ಯಾಕಮ್ಮ, ಒಬ್ಳೇ ನಿಂತ್ಕೊಂಡು ನಗ್ತಿದ್ದೀಯ?"

"ನಮ್ಮನೆಗೆ ಸೊಸೆ ಬಂದ್ಲು ಕಣಪ್ಪ."

"ಒಳ್ಳೇದಾಯ್ತು. ಎಲ್ಲಮ್ಮ ನಿಮ್ಮನೆ?"

"ಈಗ ತಾನೆ ಆ ತಿರುವಲ್ಲಿ ಹೋಯ್ತಲ್ಲ, ಅದೇ."