ಸೂರ್ಯಪ್ಪನ ಹಂಡೆಗೆ ಎಷ್ಟು ಖರ್ಚು

ಒಂದಾನೊಂದು ಊರಿನಲ್ಲಿ ಸೂರ್ಯ ಮುಳುಗುತ್ತಲೇ ಇರಲಿಲ್ಲ. ಮಾಳಿಗೆಗಳ ಮೇಲೆ ಸುಮ್ಮನೆ ಓಡಾಡಿಕೊಂಡಿದ್ದ. ಜನ ಕೂತಲ್ಲೇ ತೂಕಡಿಸುತ್ತಿದ್ದರು. ಹಾಗಾದರೆ ದಿನ ಹೇಗೆ ಎಣಿಸಿದರು ಅಂತ ಕೇಳಬೇಡಿ, ನನಗೆ ಸಿಟ್ಟು ಬರುತ್ತೆ.

ಆ ಊರಿನ ತಿಪ್ಪಜ್ಜಿ ಹಂಡೆಗೆ ನೀರು ತುಂಬಿ ಮಾಳಿಗೆ ಮೇಲಿಡುತ್ತಿದ್ದಳು. ಸೂರ್ಯ ಕಾಯಿಸಿ ಕೊಡುತ್ತಿದ್ದ. ಆ ನೀರನ್ನು ತನ್ನ ಮೊಮ್ಮಗಳಾದ ಚಿಕ್ಕತಾಯಿಯ ಕೂಸಿಗೆ ಎರೆಯುತ್ತಿದ್ದಳು. ಎರೆದರೆ ಕೂಸಿಗೆ ನಿದ್ದೆ. ಎರೆಯದಿದ್ದರೆ ಒಂದೇ ರಾಗ.

ರಾಜನಿಗೆ ಸುದ್ದಿ ಮುಟ್ಟಿತು. ಅವನಿಗೆ ಉಗುರುಬೆಚ್ಚಗಿನ ನೀರಿನ ಹುಚ್ಚು. ಮನೆಮನೆಗೂ ಇಂಥ ಹಂಡೆ ಇಡಿಸಬೇಕು ಅಂದ. ಇನ್ನು ಸೌದೆ ಯಾಕೆ ಅಂತ ಊರಿನ ಸೌದೆಯನ್ನೆಲ್ಲ ಮಂಚ ಮಾಡಿಸಿ ಹಂಚಿಬಿಟ್ಟ. ಆಮೇಲೆ ಹಂಡೆಗೆ ಖರ್ಚು ಎಷ್ಟು ನೋಡಿ ಬಾ ಅಂತ ಲೆಕ್ಕಿಗ ಗವಿರಂಗಯ್ಯನನ್ನು ಕಳಿಸಿದ. ರಾಜರು ಹಾಗೇ, ಮೊದಲು ಮಂಚ, ಆಮೇಲೆ ಲೆಕ್ಕ.

ಗವಿರಂಗಯ್ಯ ಹಂಡೆಯನ್ನು ಕೇಳಿದ: “ನಿನ್ನ ಕೂಲಿ ಎಷ್ಟು?”

“ನಾನು ಕೂತಿದ್ದೆ ಅಷ್ಟೆ. ಕೂತದ್ದಕ್ಕೆ ಕೂಲಿ ಅಂದರೆ ಮೊದಲು ನಿಮ್ಮ ರಾಜರಿಗೆ ಕೊಡಿ” ಅಂತು ಹಂಡೆ.

ಮಾಳಿಗೆಯನ್ನು ಕೇಳಿದ. “ನಾನು ಹೊತ್ತಿದ್ದೆ ಅಷ್ಟೆ. ಬೆಚ್ಚಗಿತ್ತು” ಅಂತು ಮಾಳಿಗೆ.

ತಿಪ್ಪಜ್ಜಿಯನ್ನು ಕೇಳಿದ.

“ಒಂದು ಚೂರು ಬೆಲ್ಲ, ಅಯ್ಯನೋರೇ. ಸೂರ್ಯಪ್ಪನಿಗೆ ಅಂತ ನೀರಿನ ಜೊತೆ ಹಾಕಿಡ್ತೀನಿ. ತುಂಬಿ ಕೊಟ್ಟ ಪಾತ್ರೆಯನ್ನ ಬರಿದಾಗಿ ವಾಪಸ್ ಕೊಡ್ತಾರಾ ಯಾರಾದರೂ?”

“ಬೆಲ್ಲ ದಂಡ” ಅಂದ ಗವಿರಂಗಯ್ಯ. ಅದನ್ನು ತೆಗೆದು ತನ್ನ ಬಾಯಿಗೆ ಹಾಕಿಕೊಂಡ. ಬರೀ ನೀರಿನ ಹಂಡೆ ಮೇಲಿಡಿಸಿದ.

ಸೂರ್ಯ ಬಗ್ಗಿ ನೋಡಿದ. ಬೆಲ್ಲ ಇಲ್ಲ. ಮುಖ ಊದಿಸಿಕೊಂಡು ಬೆನ್ನು ತಿರುಗಿಸಿ ಕೂತ. ಸೂರ್ಯನ ಬೆನ್ನು ಕುಂಬಳಕಾಯಿಯ ಹಾಗೆ ತಣ್ಣಗಿರುತ್ತೆ. ಅದು ಅವತ್ತಿನವರೆಗೆ ಯಾರಿಗೂ ಗೊತ್ತಿರಲಿಲ್ಲ.

ನೀರು ಕಾಯಲಿಲ್ಲ. ಒಲೆ ಹಚ್ಚೋಣ ಅಂದರೆ ಸೌದೆಯೆಲ್ಲ ಮಂಚ; ರಾಜ ಕೊಟ್ಟ ಮಂಚ ಸುಟ್ಟರೆ ತಲೆ ಹೋಗುತ್ತೆ. ಮೂರು ದಿನ ಕೂಸು ಕಣ್ಣು ಮುಚ್ಚಲಿಲ್ಲ. ಅತ್ತು ಅತ್ತು ದನಿ ಬಿದ್ದುಹೋಯಿತು.

“ಅಜ್ಜಿ, ಇದು ಹೀಗೇ ಸೊರಗಿ ಹೋಗುತ್ತೇನೋ” ಅಂದಳು ಚಿಕ್ಕತಾಯಿ.

ಸುದ್ದಿ ಕೇಳಿ ರಾಜ ಓಡಿ ಬಂದ. ಹಂಡೆಗೆ ಗಾಡಿಗಟ್ಟಲೆ ಬೆಲ್ಲ ಸುರಿದ. ಸೂರ್ಯ ತಿರುಗಲಿಲ್ಲ. ರಾಜ ತನ್ನ ಕಿರೀಟವನ್ನೇ ಹಂಡೆಗೆ ಹಾಕಿದ. “ನನ್ನ ತಲೆಗೆ ಬಿಗಿ” ಅಂದ ಸೂರ್ಯ, ತಿರುಗದೆ.

“ಸ್ವಲ್ಪ ಸರೀರಿ ಬುದ್ಧಿ” ಅಂದಳು ತಿಪ್ಪಜ್ಜಿ. “ಅವನಿಗೆ ಬೆಲೆ ಬೇಕಿಲ್ಲ. ಮನೇಲಿ ಇದ್ದದ್ದು ಒಂದು ಚೂರು ಬೇಕು.”

ಹಂಡೆ ತೊಳೆದು ಹೊಸ ನೀರು ತುಂಬಿದಳು. ಮನೆಯಲ್ಲಿ ಏನೂ ಇರಲಿಲ್ಲ. ಕೂಸನ್ನು ಎತ್ತಿಕೊಂಡು ಯೋಚನೆ ಮಾಡುತ್ತ ಹಂಡೆಯ ಮೇಲೆ ಬಗ್ಗಿದಳು. ಕೂಸು ದೊಡ್ಡದಾಗಿ ಆಕಳಿಸಿತು. ಆಕಳಿಕೆ ಜಾರಿ ನೀರೊಳಗೆ ಬಿತ್ತು, ತಳದಲ್ಲಿ ಹೋಗಿ ಕೂತಿತು. ಅಜ್ಜಿ ಹಾಗೇ ಹಂಡೆಯನ್ನು ಮೇಲಿಟ್ಟಳು.

ಸೂರ್ಯ ಓರೆಗಣ್ಣಿನಲ್ಲಿ ನೋಡಿದ. ಹುಟ್ಟಿದಾಗಿನಿಂದ ಅವನಿಗೆ ಯಾರೂ ಆಕಳಿಕೆ ಕೊಟ್ಟಿರಲಿಲ್ಲ. ಪೂರ್ತಿ ತಿರುಗಿದ. ಬಾಯಿ ಅಗಲ ತೆಗೆದು ತಾನೂ ಆಕಳಿಸಿದ. ನೀರು ಕಾಯಿತು.

ತಿಪ್ಪಜ್ಜಿ ಮೊಣಕೈ ಅದ್ದಿ ನೋಡಿದಳು. ಹದವಾಗಿತ್ತು. ಎರೆದಳು. ಕೂಸು ಕಣ್ಣು ಮುಚ್ಚಿತು. ಚಿಕ್ಕತಾಯಿ ಆಗ ಅತ್ತಳು, ಸಂತೋಷಕ್ಕೆ.

ಸೂರ್ಯನಿಗೂ ನಿದ್ದೆ ತಡೆಯಲಿಲ್ಲ. ಮೆಲ್ಲಗೆ ಗುಡ್ಡದ ಹಿಂದೆ ಹೋಗಿ ಒರಗಿದ. ಅದೇ ಆ ಊರಿನ ಮೊದಲನೇ ಸಂಜೆ. ಜನ ಮಂಚ ಯಾಕೆ ಅಂತ ಆಗ ತಿಳಿದು ಮಲಗಿದರು. ಗವಿರಂಗಯ್ಯ ‘ಖರ್ಚು: ಆಕಳಿಕೆ ಒಂದು’ ಅಂತ ಬರೆದು, ಮೊತ್ತ ಹಾಕುವ ಮೊದಲೇ ಪುಸ್ತಕದ ಮೇಲೆ ತಲೆಯಿಟ್ಟ.

ಅಲ್ಲಿಗೆ ಅವರ ಹಂಡೆ ಅವರಿಗೆ, ನಮ್ಮ ನೀರು ನಮಗೆ. ನೀತಿ ಏನಪ್ಪಾ ಅಂದರೆ, ತುಂಬಿ ಕೊಟ್ಟವರ ಪಾತ್ರೆಯನ್ನ ಬರಿದಾಗಿ ಕಳಿಸಬಾರದು. ಇಷ್ಟು ಹೊತ್ತು ಕತೆ ತುಂಬಿ ಕೊಟ್ಟಿದ್ದೀನಿ. ಎಲ್ಲಿ, ನನಗೂ ಒಂದು ಆಕಳಿಕೆ ಹಾಕಿ. ಹೂಂ, ಬಂತು ನೋಡಿ. ಇನ್ನು ಮಲಗಿ.